ಬೆಂಚು ಬಿಟ್ಟು ಎದ್ದವರು

ಮೂರನೆಯ ಪಂದ್ಯ ಬೇಕಾಗಿ ಬಂದರೆ ಕಾಪುವಿನಲ್ಲಿ ಆಗಲಿ ಎಂದು ಉಡುಪಿಯವರೂ ಕಾರ್ಕಳದವರೂ ಒಂದೇ ಬಾಯಿಯಲ್ಲಿ ಹೇಳಿದಾಗಲೇ ನನಗೆ ಹೆದರಿಕೆ ಆಗಬೇಕಿತ್ತು. ಅವರಿಬ್ಬರೂ ಅದಕ್ಕೆ ಮೊದಲು ಯಾವುದಕ್ಕಾದರೂ ಒಪ್ಪಿದ ನೆನಪು ನನಗಿಲ್ಲ. ಹೆದರಿಕೆ ಆಗಲಿಲ್ಲ ಎಂದರೆ ಅದೂ ಸುಳ್ಳು. ನನಗೆ ಎಲ್ಲದಕ್ಕೂ ಹೆದರಿಕೆ ಆಗುವುದರಿಂದ ಇದನ್ನು ಬೇರೆಯಾಗಿ ಗುರುತಿಸಲು ಆಗಲಿಲ್ಲ, ಅಷ್ಟೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಕಾಪು ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಡ್ರಿಲ್ ಮಾಸ್ಟ್ರು. ಆ ವರ್ಷದ ಬಾಸ್ಕೆಟ್‌ಬಾಲ್ ಲೀಗಿನ ತಾಂತ್ರಿಕ ಸಮಿತಿಗೆ ನನ್ನನ್ನು ಅಧ್ಯಕ್ಷನಾಗಿ ಮಾಡಿದ್ದರು. ಕಾಪುವಿಗೆ ತಂಡವೇ ಇರಲಿಲ್ಲವಾದ್ದರಿಂದ ನಾನು ನಿಷ್ಪಕ್ಷಪಾತಿ ಎಂದು ಸಾಬೀತಾಗಿತ್ತು. ಸಮಿತಿ ಎಂದರೆ ಮೂರು ಜನ. ಉಡುಪಿಯ ಕಡೆಯಿಂದ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟುಕೊಂಡಿದ್ದ ಒಬ್ಬರು. ಕಾರ್ಕಳದ ಕಡೆಯಿಂದ ಬಸ್ ಸ್ಟ್ಯಾಂಡಿನ ಏಜೆಂಟರು, ಅಂದರೆ "ಬೆಳ್ಮಣ್, ಪಡುಬಿದ್ರಿ, ಮಂಗಳೂರು" ಎಂದು ಕೂಗಿ ಬಸ್ಸಿಗೆ ಜನ ತುಂಬಿಸುವವರು. ಏಜೆಂಟರ ತಂಗಿಯನ್ನು ಜವಳಿಯವರಿಗೆ ಕೊಟ್ಟದ್ದು. ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು "ಭಾವ" ಎಂದು ಕರೆದುಕೊಂಡೇ ಬೈದಾಡುತ್ತಿದ್ದರು. ಬೈಯುವುದು ತುಳುವಿನಲ್ಲಿ; ನನ್ನ ಕಡೆ ತಿರುಗಿದಾಗ, ಮಾಸ್ಟ್ರೆಂಬ ಮರ್ಯಾದೆಗೆ, ಕನ್ನಡ. ನಾನು ಎರಡನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಕೆಲವು ಮಾತುಗಳನ್ನು ಬಿಟ್ಟಿದ್ದೇನೆ.

ಕೊನೆಗೆ ಉಳಿದ ಎರಡು ತಂಡಗಳು ಮೂರು ಪಂದ್ಯ ಆಡಿ, ಎರಡು ಗೆದ್ದವರಿಗೆ ಕಪ್. ಮೊದಲನೆಯದು ಉಡುಪಿಯಲ್ಲಿ, ಎರಡನೆಯದು ಕಾರ್ಕಳದಲ್ಲಿ. ಹಿಂದಿನ ವರ್ಷದ ಹೊಡೆದಾಟದ ನಂತರ ಲೀಗಿಗೆ ಒಂದು ಹೊಸ ನಿಯಮ ಸೇರಿತ್ತು: ಅಂಗಣದಲ್ಲಿ ಜಗಳ ಆಗುವಾಗ ಬೆಂಚಿನಲ್ಲಿ ಕೂತ ಆಟಗಾರ ಗೆರೆ ದಾಟಿ ಒಳಗೆ ಬಂದರೆ ಮುಂದಿನ ಒಂದು ಪಂದ್ಯ ಅವನು ಹೊರಗೆ. ಹೊಡೆಯಲಿಕ್ಕೆ ಬಂದನೋ ಬಿಡಿಸಲಿಕ್ಕೆ ಬಂದನೋ ಎಂದು ಕೇಳುವುದಿಲ್ಲ. ಕೇಳಿದರೆ ಎಲ್ಲರೂ ಬಿಡಿಸಲಿಕ್ಕೇ ಬಂದವರಾಗುತ್ತಾರೆ. ಭಾವಂದಿರಿಬ್ಬರೂ ಇದನ್ನು ಓದಿದ್ದರು.

ಮೊದಲ ಪಂದ್ಯ ಉಡುಪಿ ಗೆದ್ದಿತು. ಕಾರ್ಕಳದ ಪಂದ್ಯಕ್ಕೆ ಹೋಗುವಾಗ ನನ್ನ ತಲೆಯಲ್ಲಿ ಇದ್ದದ್ದು ಒಬ್ಬನೇ ಆಟಗಾರ. ಅವನನ್ನು ಎಲ್ಲರೂ ಉದ್ದದವ ಎಂದೇ ಕರೆಯುತ್ತಿದ್ದರು. ಕಾರ್ಕಳದ ತಂಡ ನಿಂತದ್ದೇ ಅವನ ಮೇಲೆ. ವಾರವಿಡೀ ಕರಿಕಲ್ಲು ಕೊಯ್ಯುವ ಕಡೆ ಚಪ್ಪಡಿ ಹೊರುವುದು, ಸಂಜೆ ಆಟ. ಮಣಿಪಾಲದ ಒಂದು ಬ್ಯಾಂಕಿನವರು ತಮ್ಮ ತಂಡಕ್ಕೆ ಆಟಗಾರರನ್ನು ಹುಡುಕುತ್ತಿದ್ದರು. ತಂಡಕ್ಕೆ ಸೇರಿದರೆ ಕೆಲಸವೂ ಸಿಕ್ಕಿದಂತೆ. ಅವರ ಕ್ರೀಡಾ ಅಧಿಕಾರಿ ಮೂರನೆಯ ಪಂದ್ಯ ನಡೆದರೆ ಬರುತ್ತೇನೆ, ಆ ಉದ್ದದವನನ್ನು ನೋಡಬೇಕು ಎಂದು ನನಗೇ ಹೇಳಿದ್ದರು. ಮುಂದಿನ ವರ್ಷ ನೋಡುವ ಎನ್ನಲಿಕ್ಕೆ ಇರಲಿಲ್ಲ, ಅಷ್ಟರಲ್ಲಿ ಅವನಿಗೆ ಬ್ಯಾಂಕಿನ ವಯಸ್ಸು ಮೀರುತ್ತಿತ್ತು. ಮೂರನೆಯ ಪಂದ್ಯದ ಆ ಒಂದು ಭಾನುವಾರ, ಇಲ್ಲವಾದರೆ ಕಲ್ಲು.

ಎರಡನೆಯ ಅರ್ಧದಲ್ಲಿ ಕಾರ್ಕಳ ಮುಂದಿತ್ತು. ಉದ್ದದವನಿಗೆ ನಾಲ್ಕು ಫೌಲ್ ಆಗಿತ್ತು. ಐದಾದರೆ ಆಟದಿಂದ ಹೊರಗೆ ಎಂದು ಕೋಚ್ ಅವನನ್ನು ಸ್ವಲ್ಪ ಹೊತ್ತು ಬೆಂಚಿನಲ್ಲಿ ಕೂರಿಸಿದ್ದರು. ರಿಂಗಿನ ಅಡಿಯಲ್ಲಿ ಚೆಂಡಿಗೆ ಹಾರಿದ ಇಬ್ಬರು ಒಟ್ಟಿಗೆ ಬಿದ್ದರು. ಎದ್ದಾಗ ಒಬ್ಬನ ಬನಿಯನ್ ಇನ್ನೊಬ್ಬನ ಮುಷ್ಟಿಯಲ್ಲಿತ್ತು. ಉಳಿದವರೂ ಸೇರಿಕೊಂಡರು. ರೆಫ್ರಿ ವಿಸಿಲ್ ಊದಿದರು, ಟೈಮ್‌ಕೀಪರ್ ವಾಚ್ ನಿಲ್ಲಿಸಿದ. ಇಷ್ಟರವರೆಗೆ ಎಲ್ಲ ರೂಲ್ ಬುಕ್ಕಿನಲ್ಲಿ ಇದ್ದ ಹಾಗೆಯೇ ಆಯಿತು.

ರೂಲ್ ಬುಕ್ಕಿನಲ್ಲಿ ಇಲ್ಲದ್ದು ಹೆಡ್ಮಾಸ್ಟ್ರು. ನಿವೃತ್ತರಾಗಿ ಎಷ್ಟೋ ವರ್ಷ ಆಗಿತ್ತು. ಕಾರ್ಕಳದ ಅರ್ಧ ಊರು ಅವರ ಕೈಯಲ್ಲಿ ಪೆಟ್ಟು ತಿಂದದ್ದು. ಮುಂದಿನ ಸಾಲಿನ ಕುರ್ಚಿಯಿಂದ ಅವರು ಕೊಡೆ ಊರಿಕೊಂಡು ಎದ್ದು ನೇರ ಅಂಗಣದ ಕಡೆ ನಡೆದರು. ಅವರು ಎದ್ದದ್ದೇ ತಡ, ಬೇಲಿಯಾಚೆ ನಿಂತವರು ಮೊಣಕಾಲ ಮೇಲೆ ಮಡಿಚಿ ಕಟ್ಟಿದ ಮುಂಡು ಕೆಳಗಿಳಿಸಿದರು. ಬೀಡಿಗಳು ಬೆನ್ನ ಹಿಂದೆ ಹೋದವು. ಕುರ್ಚಿಯವರು ಎದ್ದರು, ಎರಡೂ ಬೆಂಚಿನವರು ಎದ್ದರು. ಅಂಕ ಬರೆಯುವ ಮೇಜಿನ ಹಿಂದೆ ನಾನೂ ಎದ್ದೆ. ನಾನು ಅವರ ಶಿಷ್ಯನಲ್ಲ; ಆದರೆ ಕಾಲು ನನ್ನನ್ನು ಕೇಳಲಿಲ್ಲ.

ಉಡುಪಿಯ ಬೆಂಚಿನವರು ಎದ್ದಲ್ಲೇ ನಿಂತರು. ಏಕೆಂದರೆ ಜವಳಿಯವರು ಓಡಿ ಬಂದು, ಬಟ್ಟೆ ಅಳೆಯುವಾಗಿನ ಹಾಗೆ ಎರಡೂ ಕೈ ಅಗಲಿಸಿ ಗೆರೆಯ ಮೇಲೆ ನಿಂತು, "ಯಾರೂ ದಾಟ್ಬೇಡಿ, ದಾಟ್ಬೇಡಿ" ಎನ್ನುತ್ತಿದ್ದರು. ಹೆಡ್ಮಾಸ್ಟ್ರು ಹಾದುಹೋದದ್ದು ಕಾರ್ಕಳದ ಬೆಂಚಿನ ಎದುರಿನಿಂದ. ಅಲ್ಲಿ ಗೆರೆಯ ಹತ್ತಿರ ಸಣ್ಣ ಜಲ್ಲಿ ಎದ್ದಿತ್ತು. ಅವರ ಕೊಡೆ ಜಾರಿತು, ಅಥವಾ ಜಾರಿದ ಹಾಗೆ ನನಗೆ ಕಂಡಿತು. ಉದ್ದದವ ಒಂದೇ ಹೆಜ್ಜೆಯಲ್ಲಿ ಅವರ ಪಕ್ಕದಲ್ಲಿದ್ದ. ಅವನ ಹಿಂದೆ ಬೆಂಚಿನ ಇನ್ನೊಬ್ಬ. ಮೂವರೂ ಜಗಳದ ಧೂಳಿನ ಒಳಗೆ ಹೋದರು. ಉದ್ದದವ ಅವರ ಮೊಣಕೈ ಹಿಡಿದಿದ್ದನೋ, ಅವರೇ ಇವನನ್ನು ಹಿಡಿದಿದ್ದರೋ, ಸುಮ್ಮನೆ ಪಕ್ಕದಲ್ಲಿ ನಡೆಯುತ್ತಿದ್ದನೋ, ಹಿಂದಿನಿಂದ ನೋಡಿದ ನನಗೆ ಇಂದಿಗೂ ಖಚಿತವಿಲ್ಲ.

"ಎಂತ ಇದು?" ಎಂದರು ಹೆಡ್ಮಾಸ್ಟ್ರು.

ಅಷ್ಟೇ. ಬನಿಯನ್ ಹಿಡಿದಿದ್ದವ ಅದನ್ನು ಬಿಟ್ಟದ್ದಲ್ಲದೆ ಎಳೆದು ಸರಿಮಾಡಿಯೂ ಕೊಟ್ಟ. ಆಟ ಮುಂದುವರಿಯಿತು, ಕಾರ್ಕಳ ಗೆದ್ದಿತು, ಮೂರನೆಯ ಪಂದ್ಯ ಕಾಪುವಿಗೆ, ಅಂದರೆ ನನ್ನ ತಲೆಗೆ ಬಂತು.

ಮರುದಿನ ಸಂಜೆ ಉಡುಪಿಯ ಒಂದು ಹೋಟೆಲಿನ ಒಳಗಿನ ಮೇಜಿನಲ್ಲಿ ಸಮಿತಿ ಕೂತಿತು.

"ಗೆರೆ ದಾಟಿದ್ದು ಹೌದಲ್ಲ ಮಾಸ್ಟ್ರೆ? ಇಬ್ಬರೂ ಹೊರಗೆ. ಮುಗೀತು," ಎಂದರು ಜವಳಿಯವರು.

"ಮುಗೀಲಿಕ್ಕೆ ಇದೆಂತ ಭಾವ, ನಿಮ್ಮ ಅಂಗಡಿಯ ಸೇಲಾ?" ಎಂದರು ಏಜೆಂಟರು. "ಹೆಡ್ಮಾಸ್ಟ್ರು ಬೀಳುವಾಗ ಅವ ಕಾಲ ಮೇಲೆ ಕಾಲು ಹಾಕಿ ಕೂತ್ಕೊಳ್ಬೇಕಿತ್ತಾ?"

"ನಮ್ಮವರು ನಿಂತ್ರಲ್ಲ."

"ನಿಮ್ಮವರಿಗೆ ಅವರು ಪೆಟ್ಟು ಕೊಟ್ಟಿದ್ರಾ ಮಾರಾಯ್ರೆ? ಕೊಟ್ಟಿದ್ರೆ ಗೊತ್ತಾಗ್ತಿತ್ತು."

"ಸರಿ, ಉದ್ದದವ ಹಿಡೀಲಿಕ್ಕೆ ಹೋದ. ಆ ಇನ್ನೊಬ್ಬ ಯಾಕೆ ಹೋದ?"

"ಇವ ಹೋದನಲ್ಲ ಅಂತ ಹೋದ."

"ಇವ ಬಾವಿಗೆ ಹಾರಿದ್ರೆ?"

"ನಾವು ಕಾರ್ಕಳದವರು ಹಾರುವುದಾದ್ರೆ ಒಟ್ಟಿಗೇ ಹಾರುವುದು ಭಾವ. ನಿಮ್ಮ ಹಾಗೆ ದಡದಲ್ಲಿ ನಿಂತು ಕೈ ಅಗಲ ಮಾಡುವುದಿಲ್ಲ."

ಮತ ಒಂದಕ್ಕೊಂದು. ಉಳಿದದ್ದು ನನ್ನದು. ಹಿರಿಯರೊಬ್ಬರನ್ನು ಬೀಳದಂತೆ ಹಿಡಿದದ್ದು ಜಗಳಕ್ಕೆ ಸೇರಿದ್ದಲ್ಲ ಎಂದು ನನಗೆ ಅನಿಸಿತು. ಉದ್ದದವ ನಿಜವಾಗಿ ಹಿಡಿದದ್ದೇ ಆದರೆ ಅವನನ್ನು ಬಿಡಬಹುದು. ಹಿಡಿಸಿಕೊಂಡವರೇ ಹೇಳಿದರೆ ಜವಳಿಯವರೂ ಎದುರಾಡುವುದಿಲ್ಲ. "ಹೆಡ್ಮಾಸ್ಟ್ರನ್ನು ಕೇಳುತ್ತೇನೆ" ಎಂದೆ. ಇಬ್ಬರೂ ಒಪ್ಪಿದರು. ಅವರು ಒಪ್ಪಿದ್ದು ಇದು ಎರಡನೆಯ ಸಲ; ಈ ಸಲ ಹೆದರಿಕೆಯನ್ನು ಗುರುತಿಸಿದೆ.

ಕಾರ್ಕಳದ ಅವರ ಮನೆಯಲ್ಲಿ ಹೆಡ್ಮಾಸ್ಟ್ರು ನನ್ನನ್ನು ಕೂರಿಸಿ ಕಾಫಿ ಕೊಡಿಸಿದರು. ನಾನು ಸುತ್ತಿ ಬಳಸಿ, ಜಲ್ಲಿ, ಕೊಡೆ, ಧೂಳು ಎಂದೆಲ್ಲ ಹೇಳಿ ಕೊನೆಗೆ ಕೇಳಿದೆ.

"ಬಿದ್ದದ್ದಾ? ನಾನಾ?"

"ಬಿದ್ದದ್ದಲ್ಲ ಸರ್. ಸ್ವಲ್ಪ ಜಾರಿದ ಹಾಗೆ..."

"ನಾನು ಜಾರಲಿಲ್ಲ. ನನ್ನನ್ನು ಯಾರೂ ಹಿಡಿಯಲೂ ಇಲ್ಲ. ನನಗೆ ಕಣ್ಣು ಕಾಣ್ತದೆ, ಕಾಲು ನಡೀತದೆ. ಹಿಡಿಯುವ ಅಗತ್ಯ ಎಂತ ಉಂಟು?"

ಹೀಗೆನ್ನುತ್ತ ಅವರು ಲೋಟವನ್ನು ಮೇಜಿನ ಅಂಚಿಗಿಂತ ತುಸು ಈಚೆಗೆ, ಬರಿಯ ಗಾಳಿಯಲ್ಲಿ ಇಡಲು ಹೋದರು. ಅಲ್ಲೇ ನಿಂತಿದ್ದ ಸೊಸೆ ಸದ್ದಿಲ್ಲದೆ ಮೇಜನ್ನು ಮುಂದಕ್ಕೆ ತಳ್ಳಿದರು. ಲೋಟ ಮೇಜಿನ ಮೇಲೆ ಕೂತಿತು. ಸೊಸೆ ನನ್ನ ಮುಖ ನೋಡಲಿಲ್ಲ. ಉದ್ದದವನ ಕೆಲಸದ ವಿಷಯ ನನ್ನ ನಾಲಗೆಯ ತುದಿಯವರೆಗೆ ಬಂತು. ಹೇಳಿದರೆ, ಅವನಿಗಾಗಿ ಸುಳ್ಳು ಹೇಳಿ ಎಂದ ಹಾಗೆ ಆಗುವುದಿಲ್ಲವೆ? ಅಥವಾ ಅವರು ಹೇಳುತ್ತಿರುವುದೇ ಸುಳ್ಳಾದರೆ, ನಿಜ ಹೇಳಿ ಎಂದ ಹಾಗಾಗುತ್ತದೆ. ಅದು ಇನ್ನೂ ದೊಡ್ಡ ಅವಮಾನವಲ್ಲವೆ? ಇದನ್ನು ಯೋಚಿಸುತ್ತಿರುವಾಗಲೇ ಕಾಫಿ ಮುಗಿಯಿತು, ಎದ್ದು ಬಂದೆ.

ಅಲ್ಲಿಂದ ಕಲ್ಲಿನ ಕೆಲಸದ ಕಡೆ ಹೋದೆ. ಉದ್ದದವ ಮೈಯೆಲ್ಲ ಬಿಳಿ ಹುಡಿ ಮೆತ್ತಿಕೊಂಡು ನಿಂತಿದ್ದ.

"ನೀನು ಹೆಡ್ಮಾಸ್ಟ್ರ ಕೈ ಹಿಡಿದದ್ದು ಹೌದಾ ಅಲ್ವಾ?"

"ಅವರು ಎಂತ ಹೇಳಿದ್ರು ಸರ್?"

"ಯಾರೂ ಹಿಡಿಯಲಿಲ್ಲ ಅಂತ ಹೇಳಿದ್ರು."

ಅವನು ಕೈಯ ಹುಡಿ ಕೊಡವಿದ. "ಹಾಗಾದ್ರೆ ಹಿಡಿಯಲಿಲ್ಲ ಸರ್."

"ಮಾರಾಯ, ನಿನ್ನ ಕೆಲಸದ ಪ್ರಶ್ನೆ ಇದು. ಬ್ಯಾಂಕಿನವರು ಬರುವುದು ಭಾನುವಾರ ಮಾತ್ರ. ಹಿಡಿದದ್ದಾದ್ರೆ ಹಿಡಿದೆ ಅಂತ ಹೇಳು."

"ಹೆಡ್ಮಾಸ್ಟ್ರು ಸುಳ್ಳು ಹೇಳಿದ್ರು ಅಂತ ನಾನು ಹೇಗೆ ಸರ್ ಹೇಳುವುದು?"

ಇದು ಹೌದು ಎಂದದ್ದೋ ಅಲ್ಲ ಎಂದದ್ದೋ? ಬಸ್ಸಿನಲ್ಲಿ ಬೆಳ್ಮಣ್ ದಾಟುವವರೆಗೂ ಅದನ್ನೇ ತಿರುವಿ ಹಾಕಿದೆ. ಅದರಿಂದ ಹೌದು ಎಂದೇ ತೋರುತ್ತದೆ. ಆದರೆ ತೋರುವುದನ್ನು ತೀರ್ಪಿನಲ್ಲಿ ಹಾಕಲು ಬರುವುದಿಲ್ಲ.

ಇನ್ನೊಂದು ದಾರಿ ಇತ್ತು. ಮರುದಿನ ಮಣಿಪಾಲಕ್ಕೆ ಹೋಗಿ, ಉದ್ದದವನನ್ನು ಬೇರೆ ದಿನ ಪ್ರಾಕ್ಟೀಸಿನಲ್ಲಿ ನೋಡಬಹುದಲ್ಲ ಎಂದು ಕ್ರೀಡಾ ಅಧಿಕಾರಿಯನ್ನು ಕೇಳಿದೆ. ಅವರು ನಕ್ಕರು.

"ಪ್ರಾಕ್ಟೀಸಿನಲ್ಲಿ ಎಲ್ಲರೂ ಆಡ್ತಾರೆ ಮಾಸ್ಟ್ರೆ. ನಾಲ್ಕು ಫೌಲ್ ಆದ ಮೇಲೆ, ಜನ ಬಾಯಿಗೆ ಬಂದ ಹಾಗೆ ಬೈಯುವಾಗ ಹೇಗೆ ಆಡ್ತಾನೆ, ಅದನ್ನು ನೋಡ್ಬೇಕು ನನಗೆ. ಭಾನುವಾರ ಬಂದ್ರೆ ಬಂದೆ. ಸೋಮವಾರ ಹೆಸರುಗಳು ಮೇಲಕ್ಕೆ ಹೋಗ್ತವೆ."

ಆ ರಾತ್ರಿ ಇನ್ನಂಜೆಯ ನಮ್ಮ ಮನೆಯಲ್ಲಿ ನಾನು ಚಾವಡಿಯ ಆ ತುದಿಯಿಂದ ಈ ತುದಿಗೆ ನಡೆಯುವುದನ್ನು ನೋಡಿ ಹೂ ಕಟ್ಟುತ್ತಿದ್ದ ಹೆಂಡತಿ, "ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಬರೆದು ಮಲಗಿ" ಎಂದಳು. ಗೊತ್ತಿಲ್ಲ ಎಂದು ತೀರ್ಪು ಬರೆಯಲು ಬರುವುದಿಲ್ಲವಾದ್ದರಿಂದ, ಇಬ್ಬರೂ ಒಂದು ಪಂದ್ಯ ಹೊರಗೆ ಎಂದು ಬರೆದೆ.

ಇನ್ನು ಅಂಗಣ. ನಮ್ಮ ಶಾಲೆಯದು ಮಣ್ಣಿನ ಅಂಗಣ. ಮುರಕಲ್ಲಿನ ಕೆಂಪು ಹುಡಿ ಹರಡಿ, ನೀರು ಚಿಮುಕಿಸಿ, ಅದು ಹೀರಿದ ಮೇಲೆ ರೋಲರ್ ಎಳೆಯಬೇಕು. ನೀರು ಹೆಚ್ಚಾದರೆ ರೋಲರಿಗೆ ಮಣ್ಣು ಅಂಟುತ್ತದೆ. ಕಡಿಮೆಯಾದರೆ ಚೆಂಡು ಪುಟಿಯುವಲ್ಲಿ ಹೊಂಡ ಬೀಳುತ್ತದೆ. ಶನಿವಾರ ನಾನು ಎರಡೂ ತಪ್ಪು ಮಾಡಿದೆ, ಹಾಗಾಗಿ ಒಂದು ರಿಂಗಿನ ಕಡೆ ಹೊಂಡ, ಇನ್ನೊಂದು ಕಡೆ ಅಂಟು. ಭಾನುವಾರ ಬೆಳಿಗ್ಗೆ ಎರಡನ್ನೂ ಸರಿಮಾಡಿ ಸುಣ್ಣದ ಗೆರೆ ಹಾಕಿದೆ. ಬೆಂಚಿನ ಎದುರಿನ ಗೆರೆಯನ್ನು ಮಾತ್ರ ದಪ್ಪವಾಗಿ ಎಳೆದೆ. ಯಾಕೆಂದು ಕೇಳಬೇಡಿ.

ಮಧ್ಯಾಹ್ನದ ಮೇಲೆ ಕಡಲಿನ ಗಾಳಿ ಎದ್ದಿತು. ಕಾರ್ಕಳದಿಂದ ಬಸ್ಸುಗಳು ಮಾಡಿನ ಮೇಲೂ ಜನ ಹೊತ್ತುಕೊಂಡು ಬಂದವು; ಏಜೆಂಟರು ಜೀವಮಾನದ ಶಕ್ತಿಯನ್ನೆಲ್ಲ ಹಾಕಿ ತುಂಬಿಸಿದ್ದರು. ಬ್ಯಾಂಕಿನ ಅಧಿಕಾರಿ ಸ್ಕೂಟರಿನಲ್ಲಿ ಬಂದು, ಉದ್ದದವ ಆಡುವುದಿಲ್ಲ ಎಂದು ಕೇಳಿ ಮುಖ ಸಣ್ಣ ಮಾಡಿದರು. ಬಂದದ್ದಕ್ಕೆ ನೋಡಿ ಹೋಗುತ್ತೇನೆ ಎಂದು ಕೂತರು. ಹೊರಗಾದವರಿಗೆ ಬೆಂಚೂ ಇಲ್ಲವಾದ್ದರಿಂದ ಉದ್ದದವ ಬೇಲಿಯ ಆಚೆ, ಜನರ ನಡುವೆ ನಿಂತಿದ್ದ. ಎಲ್ಲರಿಗಿಂತ ಮೇಲೆ ಅವನ ತಲೆ ಕಾಣುತ್ತಿತ್ತು. ಚೆಂಡು ಬೋರ್ಡಿಗೆ ಬಡಿದು ಹಿಂದೆ ಬರುವಾಗೆಲ್ಲ ಅವನ ಹೆಗಲು ತಾನಾಗಿ ಏಳುತ್ತಿತ್ತು. ನಾನು ಆ ಕಡೆ ನೋಡಬಾರದು ಎಂದುಕೊಂಡೆ, ಪ್ರತಿ ಸಲವೂ ನೋಡಿದೆ.

ಕಾರ್ಕಳ ಒಂದು ಅಂಕದಿಂದ ಸೋತಿತು. ಕೊನೆಯ ಕ್ಷಣದಲ್ಲಿ ಅವರ ಚೆಂಡು ರಿಂಗಿನ ಅಂಚಿನಲ್ಲಿ ತಿರುಗಿ ಹೊರಗೆ ಬಿತ್ತು. ಅದನ್ನು ಹಾರಿ ಹಿಡಿದು ಮತ್ತೆ ಒಳಗೆ ಹಾಕುವವನು ಬೇಲಿಯ ಆಚೆ ಇದ್ದ. ಟೈಮ್‌ಕೀಪರ್ ಶಾಲೆಯ ಗಂಟೆ ಬಾರಿಸಿದ.

ಗಂಟೆಯ ಸದ್ದು ನಿಲ್ಲುವ ಮೊದಲೇ ಜನ ಅಂಗಣಕ್ಕೆ ನುಗ್ಗಿದರು. ನನ್ನ ದಪ್ಪ ಗೆರೆ ಮೊದಲು ಅಳಿಸಿಹೋಯಿತು.

"ಇದು ಗೆಲುವಾ ಭಾವ? ಕಾಲು ಕಟ್ಟಿ ಹಾಕಿದ ಕೋಣವನ್ನು ಸೋಲಿಸಿದ್ದು ಇದು!" ಎಂದರು ಏಜೆಂಟರು.

"ಕಟ್ಟಿದ್ದು ನಾವಲ್ಲ, ರೂಲ್ಸ್. ನಿಮ್ಮವ ಇದ್ದಿದ್ರೂ ಸೋಲ್ತಿದ್ರಿ. ಉಡುಪಿಯಲ್ಲಿ ಇದ್ದನಲ್ಲ? ಸೋಲಲಿಲ್ವಾ?"

"ಕಾರ್ಕಳದಲ್ಲಿ ಇದ್ದನಲ್ಲ? ಗೆಲ್ಲಲಿಲ್ವಾ?"

"ಕೊನೆಗೆ ಬೆಂಚಿನಲ್ಲಿ ಇದ್ದ."

"ಬೆಂಚಿನಲ್ಲಿ ಇದ್ದನಾ, ಹೆಡ್ಮಾಸ್ಟ್ರ ಹತ್ತಿರ ಇದ್ದನಾ, ಒಂದು ಹೇಳಿ ಭಾವ! ಬೆಂಚಿನಲ್ಲಿ ಇದ್ದಿದ್ರೆ ಮತ್ತೆ ಹೊರಗೆ ಹಾಕಿದ್ದು ಯಾಕೆ?"

ಸುತ್ತ ಇನ್ನೂರು ಬಾಯಿ ಇದೇ ಲೆಕ್ಕ ಮಾಡುತ್ತಿತ್ತು. ಉಡುಪಿಯವನೊಬ್ಬ, ಹಿರಿಯರನ್ನು ಗೌರವಿಸಲು ಬೆಂಚಿನಿಂದಲೇ ನಮಸ್ಕಾರ ಮಾಡಿದರೆ ಸಾಕಿತ್ತು ಎಂದ. ಕಾರ್ಕಳದವನೊಬ್ಬ, ಹಾಗಾದರೆ ಎದ್ದು ನಿಂತ ಡ್ರಿಲ್ ಮಾಸ್ಟ್ರನ್ನೂ ಹೊರಗೆ ಹಾಕಬೇಕು ಎಂದ. ನನಗೆ ಇಬ್ಬರೂ ಹೇಳಿದ್ದು ಸರಿ ಎಂದೇ ಕಂಡಿತು. ಯಾರು ಏನು ಹೇಳಿದರೂ ಸರಿ ಎಂದು ಕಾಣುವುದು ನನ್ನ ಹಳೆಯ ಕಾಯಿಲೆ.

"ಈಗ ಅವನನ್ನು ಆಡಿಸಿ ನೋಡುವ! ಧೈರ್ಯ ಉಂಟಾ?" ಎಂದು ಏಜೆಂಟರು ಕೂಗಿದರು.

"ನಮಗೆಂತ ಹೆದರಿಕೆ? ಆಡಿಸಿ! ಆದ್ರೆ ಕಪ್ ನಮ್ಮದು, ಅದು ಮುಗಿದ ವಿಷಯ."

ಮುಗಿದ ವಿಷಯ. ಆ ಮಾತು ಕೇಳಿ ನನ್ನ ತಲೆಯಲ್ಲಿ ಏನೋ ಒಂದು ಅಲುಗಿತು. ಶಿಕ್ಷೆ ಒಂದು ಪಂದ್ಯಕ್ಕೆ. ಆ ಪಂದ್ಯ ಮುಗಿಯಿತು. ಅಂದರೆ ಶಿಕ್ಷೆಯೂ ಮುಗಿಯಿತು. ಈ ಕ್ಷಣದಲ್ಲಿ ಉದ್ದದವ ಆಡಬಾರದು ಎಂದು ಯಾವ ನಿಯಮವೂ ಹೇಳುವುದಿಲ್ಲ. ಬೈಯುವ ಜನ ಬೇಕು ಎಂದಿದ್ದರು ಅಧಿಕಾರಿ. ಇವರಿಗಿಂತ ಚೆನ್ನಾಗಿ ಬೈಯುವ ಜನ ಅವರಿಗೆ ಎಲ್ಲಿ ಸಿಗುತ್ತಿದ್ದರು?

ಅಧಿಕಾರಿ ಹೊರಡಲು ಸ್ಕೂಟರಿಗೆ ಒದೆಯುತ್ತಿದ್ದರು. ನಾನು ಓಡಿದೆ. ಡ್ರಿಲ್ ಮಾಸ್ಟ್ರು ಓಡುವುದನ್ನು ನಮ್ಮ ಶಾಲೆಯ ಮಕ್ಕಳು ಅಂದೇ ಮೊದಲು ನೋಡಿದ್ದು.

"ಹತ್ತು ನಿಮಿಷ ನಿಲ್ಲಿ. ಉದ್ದದವ ಆಡ್ತಾನೆ."

"ಫ್ರೆಂಡ್ಲಿ ಮ್ಯಾಚಾ?"

ತಿರುಗಿ ನೋಡಿದೆ. ಜವಳಿಯವರ ಅಂಗಿಯ ಕಾಲರು ಏಜೆಂಟರ ಕೈಯಲ್ಲಿತ್ತು.

"ಫ್ರೆಂಡ್ಲಿ ಅಂತ ಹೇಳ್ಲಿಕ್ಕೆ ಆಗುವುದಿಲ್ಲ," ಎಂದೆ. ಅವರು ಸ್ಕೂಟರನ್ನು ಸ್ಟ್ಯಾಂಡಿಗೆ ಹಾಕಿದರು.

ಮೇಜಿನ ಮೇಲೆ ಹತ್ತಿ ವಿಸಿಲ್ ಊದಿದೆ. ಹತ್ತು ನಿಮಿಷ ಆಟ; ಕಪ್ಪಿಗೂ ಇದಕ್ಕೂ ಸಂಬಂಧ ಇಲ್ಲ; ಅಂಕ ಬರೆಯುವುದಿಲ್ಲ. ಅಂಕ ಬರೆಯದಿದ್ದರೆ ಜಗಳಕ್ಕೆ ಆಧಾರ ಇರುವುದಿಲ್ಲ ಎಂಬುದು ನನ್ನ ಲೆಕ್ಕ. ಉಡುಪಿಯ ಆಟಗಾರರಿಗೆ ದಣಿವಾಗಿತ್ತು, ಆಡುವ ಮನಸ್ಸು ಇರಲಿಲ್ಲ. ಆದರೆ ಅವರ ಅಭಿಮಾನಿಗಳು ಆಗಲೇ ಸವಾಲಿಗೆ ಒಪ್ಪಿಬಿಟ್ಟಿದ್ದರು. ಉದ್ದದವ ಬೇಲಿ ಹಾರಿ ಬಂದ. ಬೂಟು ತಂದಿರಲಿಲ್ಲ. ಬರಿಗಾಲಲ್ಲೇ ನಿಂತ.

ಮೊದಲ ಚೆಂಡು ಅವನ ಕೈಯಿಂದ ಜಾರಿತು. ಎರಡನೆಯದರಲ್ಲಿ ಹೆಜ್ಜೆ ತಪ್ಪಿತು. ಉಡುಪಿಯವರು ಸಿಳ್ಳೆ ಹೊಡೆದರು, "ಕಲ್ಲು ಹೊರ್ಲಿಕ್ಕೆ ಹೋಗು ಮಾರಾಯ" ಎಂದು ಯಾರೋ ಕೂಗಿದರು. ಅವನ ಕಿವಿ ಕೆಂಪಾದದ್ದು ನನಗೆ ಕಂಡಿತು. ಮುಗಿಯಿತು, ಇದ್ದ ಒಂದು ಅವಕಾಶವನ್ನೂ ನಾನೇ ಹಾಳುಮಾಡಿದೆ, ಆಡದೆ ಇದ್ದಿದ್ದರೆ ಕನಿಷ್ಠ ಹೆಸರಾದರೂ ಉಳಿಯುತ್ತಿತ್ತು ಎಂದುಕೊಂಡೆ. ಮೂರನೆಯ ಚೆಂಡು ಬೋರ್ಡಿಗೆ ಬಡಿದು ಬಂತು. ನಾಲ್ಕು ಕೈಗಳ ಮೇಲಿಂದ ಅವನ ಒಂದು ಕೈ ಹೋಗಿ ಅದನ್ನು ತೆಗೆದುಕೊಂಡಿತು. ಆಮೇಲೆ ಆದದ್ದನ್ನು ನಾನು ಕ್ರಮವಾಗಿ ಹೇಳಲಾರೆ. ಗಾಳಿ ಚೆಂಡನ್ನು ಎಲ್ಲಿಗೆ ತಳ್ಳುತ್ತದೋ ಅಲ್ಲಿ ಅವನಿದ್ದ. ಬೈಗುಳ ಹೆಚ್ಚಾದಷ್ಟೂ ಅವನು ನಿಧಾನವಾದ, ಅವಸರವೇ ಇಲ್ಲದವನ ಹಾಗೆ. ಹತ್ತು ನಿಮಿಷ ಎಂದದ್ದು ನನಗೇ ಮರೆತುಹೋಗಿತ್ತು; ಹೊತ್ತು ಮುಳುಗಿ ಚೆಂಡು ಕಾಣದಾಗ ಆಟ ನಿಲ್ಲಿಸಿದೆ.

ಯಾರು ಗೆದ್ದದ್ದು? ಜವಳಿಯವರು ಬೆರಳಲ್ಲಿ ಎಣಿಸಿ ಉಡುಪಿ ಎಂದರು. ಏಜೆಂಟರು ಟಿಕೇಟಿನ ಹಿಂದೆ ಗೀರು ಹಾಕಿಕೊಂಡಿದ್ದರು, ಕಾರ್ಕಳ ಎಂದರು. ಅಂಕ ಬರೆಯದಿದ್ದರೆ ಜಗಳ ಇರುವುದಿಲ್ಲ ಎಂದುಕೊಂಡ ನನ್ನ ಬುದ್ಧಿಗೆ ಏನು ಹೇಳೋಣ! ಆಧಾರ ಇಲ್ಲದ ಜಗಳಕ್ಕೆ ಕೊನೆಯೂ ಇರುವುದಿಲ್ಲ. ಬಸ್ಸು ಹೊರಡುವವರೆಗೂ ಅದು ನಡೆಯಿತು.

ಅಧಿಕಾರಿ ಉದ್ದದವನ ಹತ್ತಿರ ಹೋಗಿ, ತಲೆ ಎತ್ತಿ ಅವನನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು. "ಬೂಟಿನ ಸೈಜ್ ಎಷ್ಟು?" ಅವನು ತನ್ನ ಪಾದವನ್ನೇ ನೋಡಿದ. ಬೂಟು ಯಾವತ್ತೂ ತಂಡದ್ದು, ಬೆರಳು ಮಡಿಚಿ ಹಾಕಿಕೊಳ್ಳುವುದು. "ಗೊತ್ತಿಲ್ಲ ಸರ್" ಎಂದ. "ನಾಳೆ ಸೋಮವಾರ ಬ್ಯಾಂಕಿಗೆ ಬಾ, ಅಳತೆ ತೆಗೆಯುವ," ಎಂದರು.

ನಾನು ಕೊಟ್ಟ ತೀರ್ಪು ಸರಿಯೋ ತಪ್ಪೋ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. ಸರಿ ಎಂದು ಅನಿಸಿದ ದಿನ ನಿದ್ದೆ ಬರುವುದಿಲ್ಲ. ತಪ್ಪು ಎಂದು ಅನಿಸಿದ ದಿನವೂ ಬರುವುದಿಲ್ಲ.

ಮರುವರ್ಷದ ಲೀಗಿಗೆ ಬ್ಯಾಂಕಿನ ತಂಡವೂ ಸೇರಿತು. ಉದ್ದದವ ಹೊಸ ಬೂಟು ಹಾಕಿಕೊಂಡು ಬಂದ. ಉಡುಪಿಯನ್ನು ಅವನು ಒಬ್ಬನೇ ಸೋಲಿಸಿದ ಹಾಗೆ ಇತ್ತು. ಏಜೆಂಟರು ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಚಹಾ ಕುಡಿಸಿದರಂತೆ. ಮುಂದಿನ ಪಂದ್ಯ ಕಾರ್ಕಳದ ಜೊತೆ. ಅದರ ಹಿಂದಿನ ದಿನ ಏಜೆಂಟರು ಕಾಪುವಿಗೆ ಬಂದು, ಶಾಲೆಯ ಗೇಟಿನ ಹತ್ತಿರ ನನ್ನನ್ನು ಬದಿಗೆ ಕರೆದು, ಸುತ್ತ ನೋಡಿ, ಸಣ್ಣ ಸ್ವರದಲ್ಲಿ ಕೇಳಿದರು:

"ಮಾಸ್ಟ್ರೆ, ಆ ಉದ್ದದವನನ್ನು ಒಂದೇ ಒಂದು ಮ್ಯಾಚ್ ಹೊರಗೆ ಕೂರಿಸ್ಲಿಕ್ಕೆ ಎಂತಾದ್ರೂ ರೂಲ್ಸ್ ಉಂಟಾ?"